ಮೂರು ವರ್ಷದ ಕೈಗೆ ಮಣ್ಣು ಕೊಡಿ, ಪೆನ್ಸಿಲ್ ಕಾಯಲಿ

ಜೂನ್ ತಿಂಗಳು ಬಂತೆಂದರೆ ನಮ್ಮಂಥ ವೈದ್ಯರನ್ನು ತಾಯಂದಿರು ಕೇಳುವ ಪ್ರಶ್ನೆಗಳೂ ಬದಲಾಗುತ್ತವೆ. ಮೇ ಮುಗಿಯುವವರೆಗೆ ವಾಂತಿ, ಭೇದಿ, ಬೆವರುಗುಳ್ಳೆಗಳ ಮಾತು. ಜೂನ್ ಹುಟ್ಟಿದೊಡನೆ ಮಾತು ಶಾಲೆಯ ಕಡೆಗೆ ಹೊರಳುತ್ತದೆ. "ಡಾಕ್ಟ್ರೇ, ಇವನಿಗೆ ಮೂರು ವರ್ಷ ತುಂಬಿತು. ಪಕ್ಕದ ಮನೆಯ ಹುಡುಗ ಆಗಲೇ ಎ ಬಿ ಸಿ ಡಿ ಬರೀತಾನೆ. ಇವನ ಕೈಗೆ ಪೆನ್ಸಿಲ್ ಕೊಟ್ಟರೆ ಗೋಡೆಯೆಲ್ಲ ಗೀಚ್ತಾನೆ. ಬುದ್ಧಿ ಚುರುಕಾಗೋಕೆ ಯಾವುದಾದರೂ ಟಾನಿಕ್ ಬರೆದುಕೊಡಿ."

ಓದುಗರೇ, ಅಂಥ ಟಾನಿಕ್ ಯಾವ ಔಷಧಿ ಅಂಗಡಿಯಲ್ಲೂ ಸಿಗುವುದಿಲ್ಲ. ಜಾಹೀರಾತು ಏನೇ ಹೇಳಲಿ, ಚೆನ್ನಾಗಿ ಉಣ್ಣುವ ಆರೋಗ್ಯವಂತ ಮಗುವಿನ ಬುದ್ಧಿಯನ್ನು ಹೆಚ್ಚಿಸುವ ಸಿರಪ್ ಇನ್ನೂ ತಯಾರಾಗಿಲ್ಲ. ಮೂರರಿಂದ ಆರು ವರ್ಷದ ಮಗುವಿಗೆ ಬೇಕಾದ ಔಷಧಿ ಬೇರೆಯೇ ಇದೆ, ಅದಕ್ಕೆ ದುಡ್ಡೂ ಬೇಕಿಲ್ಲ. ಒಂದು ಅಂಗಳ, ಒಂದಿಷ್ಟು ಮಣ್ಣು, ನೀರು, ಮರದ ನೆರಳು, ಜೊತೆಗೆ ನಾಲ್ಕು ಮಕ್ಕಳು, ಕಥೆ ಹೇಳುವ ಒಬ್ಬ ಹಿರಿಯರು, ಕಣ್ತುಂಬ ನಿದ್ದೆ. ನಾನು ಶಿಕ್ಷಣ ತಜ್ಞನಲ್ಲ, ಎಂಬಿಬಿಎಸ್ ಓದಿ ಸಾಮಾನ್ಯ ರೋಗಿಗಳನ್ನು ನೋಡುವ ವೈದ್ಯ. ಆದರೆ ಎಳೆಯ ಮಕ್ಕಳ ಕಲಿಕೆಯ ವೇಗ ಬರೀ ಶಿಕ್ಷಣದ ವಿಷಯವಲ್ಲ, ಅದು ಆರೋಗ್ಯದ ವಿಷಯವೂ ಹೌದು. ಆದ್ದರಿಂದ ಈ ವಾರ ಅದನ್ನೇ ಎತ್ತಿಕೊಂಡಿದ್ದೇನೆ.

ಕೈ ಇನ್ನೂ ಸಿದ್ಧವಾಗಿಲ್ಲ

ಮೊದಲು ಮಗುವಿನ ಕೈಯನ್ನು ನೋಡೋಣ. ನಮ್ಮ ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಹುಟ್ಟಿದಾಗ ಇವೆಲ್ಲ ಮೃದ್ವಸ್ಥಿಗಳು. ಎಕ್ಸ್‌ರೇ ತೆಗೆದರೆ ಅಲ್ಲಿ ಮೂಳೆಯೇ ಕಾಣುವುದಿಲ್ಲ. ಮೂರು ವರ್ಷದ ಹೊತ್ತಿಗೆ ಸಾಮಾನ್ಯವಾಗಿ ಮೂರು ನಾಲ್ಕು ಮೂಳೆಗಳು ಕಾಣಿಸಿಕೊಳ್ಳುತ್ತವೆ. ಆರರ ಹೊತ್ತಿಗೆ ಆರೇಳು. ಕೊನೆಯದು ಕಾಣಿಸಲು ಒಂಬತ್ತು ಹತ್ತು ವರ್ಷ ದಾಟಬೇಕು. ಇದರ ಜೊತೆಗೆ ಬೆರಳುಗಳ ಸಣ್ಣ ಸ್ನಾಯುಗಳು ಬಲಿಯಬೇಕು, ಕಣ್ಣು ಮತ್ತು ಕೈಗಳ ನಡುವೆ ಹೊಂದಾಣಿಕೆ ಕೂಡಿಬರಬೇಕು. ಹೆಬ್ಬೆರಳು, ತೋರುಬೆರಳು, ನಡುಬೆರಳು ಸೇರಿ ಪೆನ್ಸಿಲ್ ಹಿಡಿಯುವ ಹಿಡಿತ ಬಹುಪಾಲು ಮಕ್ಕಳಿಗೆ ನಾಲ್ಕರಿಂದ ಆರು ವರ್ಷದೊಳಗೆ ತಾನಾಗಿ ಬರುತ್ತದೆ.

ವೈದ್ಯಕೀಯ ವಿದ್ಯಾರ್ಥಿಗಳಿಗೆ ಕಲಿಸುವ ಒಂದು ಸರಳ ಲೆಕ್ಕವಿದೆ. ಮೂರು ವರ್ಷದ ಮಗು ನೋಡಿಕೊಂಡು ಒಂದು ಸೊನ್ನೆ ಬರೆಯಬಲ್ಲದು. ನಾಲ್ಕಕ್ಕೆ ಕೂಡುವ ಚಿಹ್ನೆ ಬರೆಯುತ್ತದೆ, ಆಮೇಲೆ ಚೌಕ. ತ್ರಿಕೋನ ಬರುವುದು ಐದಕ್ಕೆ. ಈಗ ನಮ್ಮ ಕನ್ನಡದ 'ಅ' ಅಕ್ಷರವನ್ನು ಒಮ್ಮೆ ಬರೆದು ನೋಡಿ. ಅದರಲ್ಲಿ ಎಷ್ಟು ತಿರುವುಗಳಿವೆ! 'ಈ', 'ಋ', 'ಐ' ಅಕ್ಷರಗಳ ಮಾತಂತೂ ಬೇಡ. ಸೊನ್ನೆಯೊಂದನ್ನು ಮಾತ್ರ ಬರೆಯಬಲ್ಲ ಕೈಗೆ ನಾಲ್ಕು ಗೆರೆಯ ಪುಸ್ತಕ ಕೊಟ್ಟು ದಿನಕ್ಕೊಂದು ಪುಟ ತುಂಬಿಸು ಎಂದರೆ, ಎಳೆಗರುವಿನ ಹೆಗಲಿಗೆ ನೊಗ ಇಟ್ಟಂತೆ. ರೈತನಾದವನು ಕರುವಿಗೆ ಹಾಗೆ ಮಾಡುವುದಿಲ್ಲ. ಮಕ್ಕಳಿಗೆ ಮಾತ್ರ ನಾವು ಮಾಡುತ್ತೇವೆ.

ಹಾಗಾದರೆ ಈ ಕೈ ಬಲಿಯುವುದು ಹೇಗೆ? ಹಿಟ್ಟು ನಾದುವುದರಿಂದ, ಮಣ್ಣು ಕಲಸುವುದರಿಂದ, ಕಲ್ಲು ಆರಿಸುವುದರಿಂದ, ನೀರು ಮೊಗೆಯುವುದರಿಂದ, ಮರದ ಟೊಂಗೆ ಹಿಡಿದು ಜೋತಾಡುವುದರಿಂದ. ಕಾರಹುಣ್ಣಿಮೆ ಮುಗಿದು ಮಣ್ಣೆತ್ತಿನ ಅಮಾವಾಸ್ಯೆ ಬಂದಾಗ ನಮ್ಮ ಕಡೆಯ ಹಳ್ಳಿಗಳಲ್ಲಿ ಮಕ್ಕಳು ಕೆರೆಯ ಮಣ್ಣು ತಂದು ಎತ್ತು ಮಾಡುತ್ತಾರಲ್ಲ, ಅದನ್ನು ಗಮನಿಸಿದ್ದೀರಾ? ಮಣ್ಣು ಹದ ಮಾಡಲು ಅಂಗೈಯ ಬಲ ಬೇಕು. ಕೊಂಬು ಎಳೆಯಲು ಹೆಬ್ಬೆರಳು, ತೋರುಬೆರಳುಗಳ ಚಿವುಟು ಹಿಡಿತ ಬೇಕು. ಕಣ್ಣಿಗೆ ಗುಲಗಂಜಿ ಕೂರಿಸಲು ಕಣ್ಣು ಕೈ ಎರಡೂ ಕೂಡಿ ನಡೆಯಬೇಕು. ನಾಳೆ ಪೆನ್ಸಿಲ್ ಹಿಡಿಯಲು ಬೇಕಾದ ಕಸರತ್ತೆಲ್ಲ ಇಲ್ಲಿದೆ. ನಮ್ಮ ಹಿರಿಯರು ಇದಕ್ಕೆ ಯಾವ ಸಿದ್ಧಾಂತದ ಹೆಸರನ್ನೂ ಇಡಲಿಲ್ಲ, ಹಬ್ಬವೆಂದು ಕರೆದರು ಅಷ್ಟೆ. (ಗುಲಗಂಜಿ ಮಾತ್ರ ವಿಷದ ಬೀಜ. ಅದನ್ನು ದೊಡ್ಡವರೇ ಕೂರಿಸಲಿ, ಚಿಕ್ಕವರ ಕೈಗೆ ಕೊಡಬೇಡಿ. ಜೋಳದ ಕಾಳು ಸಾಕು.)

ದವಾಖಾನೆಯಲ್ಲಿ ಕಾಣುವುದು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳಲ್ಲಿ ಬೆಳಿಗ್ಗೆ ಏಳೂವರೆಗೆ ರಸ್ತೆಗೆ ಬಂದು ನಿಂತು ನೋಡಿ. ಸುತ್ತಲಿನ ಹಳ್ಳಿಗಳಿಂದ ಹಳದಿ ವ್ಯಾನುಗಳು ಬರುತ್ತವೆ. ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡುತ್ತಿರುವ ಮೂರು, ನಾಲ್ಕು ವರ್ಷದ ಮಕ್ಕಳು ಅದರಲ್ಲಿರುತ್ತಾರೆ. ಅವರು ಎದ್ದದ್ದು ಆರಕ್ಕೆ. ರಾತ್ರಿ ಮನೆಯವರ ಜೊತೆ ಟಿವಿ, ಮೊಬೈಲು ನೋಡಿ ಮಲಗಿದ್ದು ಹತ್ತಕ್ಕೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಮೂರು, ನಾಲ್ಕು ವರ್ಷದ ಮಗುವಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ದಿನದಲ್ಲಿ ಒಟ್ಟು 180 ನಿಮಿಷ ಮೈ ಆಡಿಸಬೇಕು, ಅದರಲ್ಲಿ 60 ನಿಮಿಷವಾದರೂ ಓಡುವ, ಜಿಗಿಯುವ ಆಟವಿರಬೇಕು. ಪರದೆ ನೋಡುವುದು ಒಂದು ಗಂಟೆ ಮೀರಬಾರದು. ಆ ವ್ಯಾನಿನ ಮಗುವಿನ ದಿನಚರಿಯಲ್ಲಿ ಈ ಲೆಕ್ಕ ಎಲ್ಲಿ ಕೂಡುತ್ತದೆ, ನೀವೇ ಹೇಳಿ.

ಇನ್ನೊಂದು ವಿಷಯ. ಊಟವಾದ ಸ್ವಲ್ಪ ಹೊತ್ತಿಗೆ ಕರುಳು ಚಲಿಸಿ ಮಲವಿಸರ್ಜನೆಗೆ ಕರೆ ಕೊಡುವುದು ದೇಹದ ಸಹಜ ಕ್ರಮ. ಬೆಳಗಿನ ತಿಂಡಿ ಗಡಿಬಿಡಿಯಲ್ಲಿ ಮುಗಿಸಿ ವ್ಯಾನು ಹತ್ತಿದ ಮಗುವಿಗೆ ಆ ಕರೆ ಬರುವುದು ದಾರಿಯಲ್ಲಿ. ಮಗು ತಡೆದುಕೊಳ್ಳುತ್ತದೆ. ನಾಳೆಯೂ ತಡೆದುಕೊಳ್ಳುತ್ತದೆ. ಮಲ ಗಟ್ಟಿಯಾಗುತ್ತದೆ, ವಿಸರ್ಜನೆ ನೋವಾಗುತ್ತದೆ, ನೋವಿನ ಭಯಕ್ಕೆ ಮತ್ತೂ ತಡೆಯುತ್ತದೆ. ಮೂತ್ರದ್ದೂ ಇದೇ ಕಥೆ. ಮೂರು ವರ್ಷದ ಮಗುವಿನ ಮೂತ್ರಕೋಶ ಹಿಡಿಯುವುದು ಸುಮಾರು 120ರಿಂದ 150 ಮಿಲಿಲೀಟರ್, ಅಂದರೆ ಒಂದು ಸಣ್ಣ ಲೋಟ. ಕೇಳಲು ಹೆದರಿ, ಕೊಳಕು ಶೌಚಾಲಯಕ್ಕೆ ಹೇಸಿ, ನೀರನ್ನೇ ಕುಡಿಯದೆ ಮಧ್ಯಾಹ್ನದವರೆಗೆ ಕುಳಿತ ಹೆಣ್ಣುಮಕ್ಕಳಿಗೆ ಉರಿಮೂತ್ರ, ಜ್ವರ. ಭಾನುವಾರ ಇಲ್ಲದ, ಸೋಮವಾರ ಬೆಳಿಗ್ಗೆ ಸರಿಯಾಗಿ ಹುಟ್ಟುವ ಹೊಟ್ಟೆನೋವಿನ ಮಕ್ಕಳನ್ನು ನಮ್ಮ ಕಡೆಯ ಪ್ರತಿಯೊಬ್ಬ ವೈದ್ಯನೂ ನೋಡಿದ್ದಾನೆ. ಆ ನೋವು ಸುಳ್ಳಲ್ಲ. ಮಗು ನಾಟಕ ಮಾಡುತ್ತಿಲ್ಲ. ಬಾಯಿಂದ ಹೇಳಲಾಗದ ಕಳವಳವನ್ನು ಮಗು ಹೊಟ್ಟೆಯಿಂದ ಹೇಳುತ್ತದೆ. ಇದಕ್ಕೆ ನಾನು ಆಂಟಾಸಿಡ್ ಬರೆದುಕೊಟ್ಟರೆ ಏನು ಪ್ರಯೋಜನ?

ಇದು ಹೊಸ ಮಾತಲ್ಲ

ನಿಧಾನವಾಗಿ, ಪ್ರಕೃತಿಯ ಮಡಿಲಲ್ಲಿ ಕಲಿಸಬೇಕೆಂಬುದು ಪಟ್ಟಣದ ಶ್ರೀಮಂತರ ಹೊಸ ಶೋಕಿ ಎಂದು ಕೆಲವರು ತಿಳಿದಿದ್ದಾರೆ. ಹಾಗಲ್ಲ. ನಾವು ಎಲ್‌ಕೆಜಿ, ಯುಕೆಜಿ ಎನ್ನುತ್ತೇವಲ್ಲ, ಆ 'ಕೆಜಿ' ಅಂದರೆ ಕಿಂಡರ್‌ಗಾರ್ಟನ್, ಜರ್ಮನ್ ಭಾಷೆಯಲ್ಲಿ ಮಕ್ಕಳ ತೋಟ. 1837ರಲ್ಲಿ ಜರ್ಮನಿಯ ಒಂದು ಸಣ್ಣ ಊರಿನಲ್ಲಿ ಫ್ರೀಡ್ರಿಕ್ ಫ್ರೋಬೆಲ್ ಇಂಥ ಶಾಲೆ ಆರಂಭಿಸಿ, 1840ರಲ್ಲಿ ಅದಕ್ಕೆ ಈ ಹೆಸರಿಟ್ಟರು. ಅಲ್ಲಿ ಮಕ್ಕಳಿಗೆ ಗಿಡ ಬೆಳೆಸಲು ತಮ್ಮದೇ ಆದ ಪುಟ್ಟ ಪಾತಿಗಳಿದ್ದವು. ಹೆಸರಿನಲ್ಲಿ ತೋಟ ಇಟ್ಟುಕೊಂಡು, ಕಾಂಪೌಂಡಿನಲ್ಲಿ ಒಂದು ಗಿಡವೂ ಇಲ್ಲದ ಶಾಲೆಗಳು ಇಂದು ನಮ್ಮಲ್ಲಿ ಎಷ್ಟಿಲ್ಲ!

ಮಾಂಟೆಸ್ಸರಿ ಎಂಬ ಹೆಸರೂ ಫಲಕಗಳಲ್ಲಿ ಕಾಣುತ್ತದೆ. ಮರಿಯಾ ಮಾಂಟೆಸ್ಸರಿ ಮೂಲತಃ ವೈದ್ಯೆ. 1907ರಲ್ಲಿ ರೋಮ್ ನಗರದ ಬಡ ಕಾರ್ಮಿಕರ ವಠಾರದಲ್ಲಿ ತಮ್ಮ ಮೊದಲ ಮಕ್ಕಳ ಮನೆ ತೆರೆದರು. 1939ರಲ್ಲಿ ಭಾರತಕ್ಕೆ ಬಂದು, ಯುದ್ಧದ ವರ್ಷಗಳನ್ನು ಇಲ್ಲೇ ಮದರಾಸು, ಕೊಡೈಕೆನಾಲ್‌ಗಳಲ್ಲಿ ಕಳೆದರು. ಅದಕ್ಕೂ ಮೊದಲೇ 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಬಾಲಮಂದಿರ ಆರಂಭಿಸಿದ್ದರು. ಅವರೊಡನೆ ಕೆಲಸ ಮಾಡಿದ ತಾರಾಬಾಯಿ ಮೋಡಕ್, ತಮ್ಮ ಶಿಷ್ಯೆ ಅನುತಾಯಿ ವಾಘ್ ಅವರೊಂದಿಗೆ ಮಹಾರಾಷ್ಟ್ರದ ಬೋರ್ಡಿ ಮತ್ತು ಕೋಸಬಾಡಗಳಲ್ಲಿ ಆದಿವಾಸಿ ಮಕ್ಕಳಿಗಾಗಿ ದುಡಿದರು. ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯನ್ನೇ ಮಕ್ಕಳ ಅಂಗಳಕ್ಕೆ ಒಯ್ದರು. ದನ ಕಾಯುವ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲೇ ಶಾಲೆ ನಡೆಸಿದರು. 'ಅಂಗನವಾಡಿ' ಎಂಬ ಕಲ್ಪನೆ ಬೆಳೆದದ್ದು ಈ ಹೆಣ್ಣುಮಕ್ಕಳ ಕೆಲಸದಿಂದ. 1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ.

ನಮ್ಮ ನಾಡಿನಲ್ಲೇ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗ ನಡೆಸಿದರು. 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳಲ್ಲಿ ಹುಟ್ಟಿದ 'ನಲಿ-ಕಲಿ' ಪದ್ಧತಿ, ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಯಲಿ ಎಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಆರು ವರ್ಷದವರ ಕಲಿಕೆ ಆಟದ ಮೂಲಕವೇ ಆಗಬೇಕೆಂದು ಹೇಳಿದೆ. ಹೀಗೆ ಹೇಳುವವರೆಲ್ಲ ಹೇಳಿದ್ದಾರೆ. ಕೇಳಬೇಕಾದವರು ನಾವು.

ಒಬ್ಬ ತಂದೆಯ ಮಾತು

ಇಲ್ಲಿಯವರೆಗೆ ವೈದ್ಯನಾಗಿ ಮಾತಾಡಿದೆ. ಇನ್ನು ಒಬ್ಬ ತಂದೆಯಾಗಿ ಎರಡು ಮಾತು ಹೇಳಬೇಕು. ನನ್ನ ಮಗಳು ಮೂರನೆಯ ವರ್ಷದಿಂದ ಐದೂವರೆಯವರೆಗೆ ಹೋದದ್ದು ಮನೆಯ ಹಿಂದಿನ ಬೀದಿಯ ಅಂಗನವಾಡಿಗೆ. "ಡಾಕ್ಟರ ಮಗಳು ಅಂಗನವಾಡಿಗೆ!" ಎಂದು ನೆಂಟರು ಹುಬ್ಬೇರಿಸಿದರು. ಅಲ್ಲಿ ಒಂದು ಕೋಣೆ, ಮುಂದೆ ಒಂದು ಬೇವಿನ ಮರ, ಪಕ್ಕದಲ್ಲಿ ಒಂದಿಷ್ಟು ಬಯಲು. ಅಲ್ಲಿನ ಕಾರ್ಯಕರ್ತೆ ದೊಡ್ಡ ಡಿಗ್ರಿ ಪಡೆದವರಲ್ಲ. ಆದರೆ ಮಕ್ಕಳನ್ನು ಅವಸರಿಸದೆ ಇರುವ ವಿದ್ಯೆ ಅವರಿಗೆ ಒಲಿದಿತ್ತು. ಬೇವಿನ ಹಣ್ಣು ಉದುರುವ ಕಾಲದಲ್ಲಿ ಮಕ್ಕಳು ಬೀಜ ಆರಿಸಿ ಹತ್ತರ ಗುಡ್ಡೆ ಮಾಡುತ್ತಿದ್ದರು. ಅದೇ ಲೆಕ್ಕದ ಪಾಠ. ಮಳೆ ಬಂದ ಮರುದಿನ ಇರುವೆಯ ಸಾಲು ನೋಡುತ್ತಾ ಅರ್ಧ ಬೆಳಗು ಕಳೆಯುತ್ತಿತ್ತು. ಮನೆಯಿಂದ ಹೆಂಗಸರು ಬಂದು ಕಥೆ, ಹಾಡು ಹೇಳುತ್ತಿದ್ದರು. ಮಧ್ಯಾಹ್ನ ಊಟ, ಆಮೇಲೆ ನಿದ್ದೆ. ಹೋಂವರ್ಕ್ ಇಲ್ಲ, ಪರೀಕ್ಷೆ ಇಲ್ಲ, ಮೊದಲನೆಯವರು ಕೊನೆಯವರೆಂಬುದೂ ಇಲ್ಲ.

ಐದು ವರ್ಷದವರೆಗೆ ಅವಳಿಗೆ ತನ್ನ ಹೆಸರು ಬರೆಯಲು ಬರುತ್ತಿರಲಿಲ್ಲ. ಆದರೆ ಹದಿನೈದು ಗಿಡಗಳ ಹೆಸರು ಗೊತ್ತಿತ್ತು. ತನಗಿಂತ ಚಿಕ್ಕ ಮಗು ಬಿದ್ದರೆ ಎತ್ತಿ ಧೂಳು ಕೊಡವಲು ಗೊತ್ತಿತ್ತು. ಕೇಳಿದ ಕಥೆಯನ್ನು ತಿರುಗಿಸಿ ಹೇಳಲು, ಅದರಲ್ಲಿ ತನ್ನದನ್ನೂ ಸೇರಿಸಲು ಗೊತ್ತಿತ್ತು. ಬೆಳಿಗ್ಗೆ ಎಬ್ಬಿಸುವ ಮೊದಲೇ ಎದ್ದು ಚಪ್ಪಲಿ ಹುಡುಕುತ್ತಿದ್ದಳು. ಒಂದನೆಯ ತರಗತಿಗೆ ಸೇರಿದ ವರ್ಷ ಅಕ್ಷರ ಕಲಿಯಲು ಅವಳಿಗೆ ಹಿಡಿದದ್ದು ಕೆಲವೇ ತಿಂಗಳು. ಒಂದು ಮಗುವಿನ ಕಥೆಯಿಂದ ಏನನ್ನೂ ಸಾಧಿಸಲಾಗದೆಂದು ವೈದ್ಯನಾಗಿ ನನಗೆ ಗೊತ್ತು. ಆದರೆ ಆ ಬೇವಿನ ಮರಕ್ಕೂ ಆ ಕಾರ್ಯಕರ್ತೆಗೂ ತಂದೆಯಾಗಿ ನನ್ನ ಋಣವಿದೆ, ಅದನ್ನು ಹೇಳದಿರಲಾರೆ.

ಹಿಂದುಳಿದುಬಿಟ್ಟರೆ?

ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆ ಇದೇ. ಎಲ್ಲರೂ ಓಡುತ್ತಿರುವಾಗ ನಮ್ಮ ಮಗು ಮಣ್ಣಾಡಿಕೊಂಡಿದ್ದರೆ ಮುಂದೆ ಗತಿಯೇನು? ಈ ಭಯ ಅರ್ಥವಾಗುವಂಥದ್ದು. ಮಳೆ ನಂಬಿ ಬದುಕುವ ಈ ಸೀಮೆಯಲ್ಲಿ ಮಗನಾದರೂ ಓದಿ ನೌಕರಿ ಹಿಡಿಯಲಿ ಎಂದು ಶೇಂಗಾ ಮಾರಿದ ದುಡ್ಡನ್ನು ಶಾಲೆಯ ಫೀಸಿಗೆ ಕಟ್ಟುವ ತಂದೆಯನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಆ ದುಡ್ಡಿಗೆ ಸಿಗುತ್ತಿರುವುದೇನೆಂದು ಲೆಕ್ಕ ಹಾಕಬೇಡವೇ?

ನ್ಯೂಜಿಲೆಂಡಿನಲ್ಲಿ ಐದನೆಯ ವಯಸ್ಸಿಗೆ ಓದಲು ಕಲಿತ ಮಕ್ಕಳನ್ನೂ ಏಳನೆಯ ವಯಸ್ಸಿಗೆ ಕಲಿತ ಮಕ್ಕಳನ್ನೂ ಹೋಲಿಸಿ ನೋಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಹನ್ನೊಂದನೆಯ ವಯಸ್ಸಿನ ಹೊತ್ತಿಗೆ ಓದಿನಲ್ಲಿ ಎರಡು ಗುಂಪುಗಳೂ ಸಮವಾಗಿದ್ದವು. ಫಿನ್‌ಲೆಂಡಿನಲ್ಲಿ ಶಾಲೆ ಶುರುವಾಗುವುದೇ ಏಳಕ್ಕೆ. ಅಮೆರಿಕದ ಟೆನೆಸ್ಸಿ ರಾಜ್ಯದಲ್ಲಿ ಸರ್ಕಾರಿ ಪೂರ್ವಪ್ರಾಥಮಿಕ ತರಗತಿಗೆ ಚೀಟಿ ಎತ್ತಿ ಸೇರಿಸಿಕೊಂಡ ಮಕ್ಕಳನ್ನೂ ಸೀಟು ಸಿಗದ ಮಕ್ಕಳನ್ನೂ ಆರನೆಯ ತರಗತಿಯವರೆಗೆ ಗಮನಿಸಿದರು. 2022ರಲ್ಲಿ ಫಲಿತಾಂಶ ಬಂದಾಗ ಸೇರಿದ ಮಕ್ಕಳೇ ಅಂಕಗಳಲ್ಲಿ ಹಿಂದಿದ್ದರು, ಶಿಸ್ತಿನ ತಕರಾರುಗಳೂ ಅವರಲ್ಲೇ ಹೆಚ್ಚಿದ್ದವು. ಇದರರ್ಥ ಶಿಶುವಿಹಾರವೇ ಬೇಡವೆಂದಲ್ಲ. ಎಂಥ ಶಿಶುವಿಹಾರ ಎಂಬುದು ಮುಖ್ಯ. ಬೇಗ ಶುರು ಮಾಡಿದ್ದರಿಂದಲೇ ಮುಂದೆ ಹೋಗುತ್ತಾರೆ ಎಂಬ ನಂಬಿಕೆಗೆ ಆಧಾರವಿಲ್ಲ.

ಇಂಗ್ಲಿಷ್ ಬೇಕು ನಿಜ. ಆದರೆ ಮನೆಯ ಭಾಷೆಯಲ್ಲಿ, ಅದು ಕನ್ನಡವಿರಲಿ, ಲಂಬಾಣಿ ಇರಲಿ, ಉರ್ದು ಅಥವಾ ತೆಲುಗು ಇರಲಿ, ಸಾವಿರಾರು ಮಾತು ಕೂಡಿಸಿಟ್ಟ ಮಗುವಿಗೆ ಇನ್ನೊಂದು ಭಾಷೆ ಕಲಿಯುವುದು ಸುಲಭ. ಅರ್ಥವಾಗದ ರೈಮ್ಸ್ ಬಾಯಿಪಾಠ ಮಾಡುವುದು ಇಂಗ್ಲಿಷ್ ಕಲಿತಂತಲ್ಲ.

ಹೊರಗಿನ ಬಯಲಿನಿಂದ ದೇಹಕ್ಕಾಗುವ ಲಾಭವನ್ನೂ ಕೇಳಿ. ಚೀನಾದ ಗುವಾಂಗ್‌ಝೌ ನಗರದ ಶಾಲೆಗಳಲ್ಲಿ ಆರೇಳು ವರ್ಷದ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚು ಹೊರಾಂಗಣ ಚಟುವಟಿಕೆ ಕೊಟ್ಟರು. ಮೂರು ವರ್ಷದ ನಂತರ ಸಮೀಪದೃಷ್ಟಿ ದೋಷ ಹೊಸದಾಗಿ ಬಂದದ್ದು ಆ ಗುಂಪಿನಲ್ಲಿ ನೂರಕ್ಕೆ 30 ಮಕ್ಕಳಿಗೆ, ಉಳಿದವರಲ್ಲಿ ನೂರಕ್ಕೆ ಸುಮಾರು 40 ಮಕ್ಕಳಿಗೆ. ಇದು 2015ರ ವರದಿ. ಬೆಳಕೇ ಕಣ್ಣಿಗೆ ಔಷಧಿ! ಫಿನ್‌ಲೆಂಡಿನ ಶಿಶುವಿಹಾರಗಳ ಅಂಗಳಕ್ಕೆ ಕಾಡಿನ ಮಣ್ಣು, ಹುಲ್ಲು ತಂದು ಹಾಸಿ ಮಕ್ಕಳನ್ನು ಆಡಲು ಬಿಟ್ಟಾಗ, 28 ದಿನಗಳಲ್ಲೇ ಅವರ ಚರ್ಮದ ಮೇಲಿನ ಉಪಕಾರಿ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತು, ರೋಗನಿರೋಧಕ ವ್ಯವಸ್ಥೆಯಲ್ಲೂ ಒಳ್ಳೆಯ ಬದಲಾವಣೆ ಕಂಡಿತು ಎಂದು 2020ರಲ್ಲಿ ವರದಿಯಾಯಿತು. ಅವರು ಲಾರಿಯಲ್ಲಿ ತಂದು ಸುರಿಯುವ ಮಣ್ಣು ನಮ್ಮ ಬಾಗಿಲಲ್ಲೇ ಇದೆ. ನಾವೋ ಅದಕ್ಕೆ ಸಿಮೆಂಟ್ ಟೈಲ್ಸ್ ಹಾಕಿ ಕುಳಿತಿದ್ದೇವೆ.

ನಮ್ಮ ಐದು ತಾಲ್ಲೂಕುಗಳ ಸಂಪತ್ತು

ಬರದ ಸೀಮೆ ಎಂದು ನಮ್ಮನ್ನು ನಾವೇ ಹಳಿದುಕೊಳ್ಳುವುದು ರೂಢಿಯಾಗಿದೆ. ಮಕ್ಕಳ ಕಣ್ಣಿನಿಂದ ನೋಡಿದರೆ ಇದು ಬಡ ಸೀಮೆಯಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯಲ್ಲಿ ಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. 2024ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣವೆಂಬ ಗೌರವ ಪಡೆಯಿತು. ಎಷ್ಟು ಶಾಲೆಗಳ ಪುಟ್ಟ ಮಕ್ಕಳು ಅದನ್ನು ನೋಡಿದ್ದಾರೆ? ಕೂಡ್ಲಿಗಿಯ ಗುಡೇಕೋಟೆಯ ಕಲ್ಲುಗುಡ್ಡಗಳಲ್ಲಿ ಕರಡಿಗಳ ಧಾಮವಿದೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬೇಕಿಲ್ಲ, ಕರಡಿಯ ಕಥೆ ಸಾಕು. ಹೂವಿನಹಡಗಲಿಯ ಮಲ್ಲಿಗೆ ಭೌಗೋಳಿಕ ಸೂಚಿಕೆ ಪಡೆದ ಹೂವು. ಅಜ್ಜಿ ಹೂ ಕಟ್ಟುವಾಗ ಪಕ್ಕದಲ್ಲಿ ಕುಳಿತ ಮಗು ಮೊಗ್ಗು ಬೇರೆ, ಹೂವು ಬೇರೆ ಮಾಡುತ್ತದೆ, ಎರಡೆರಡು ಜೋಡಿಸುತ್ತದೆ, ಮೊಳ ಹಾಕುವುದನ್ನು ನೋಡುತ್ತದೆ. ಅದರಲ್ಲಿ ವಿಂಗಡಣೆ, ಎಣಿಕೆ, ಅಳತೆ ಮೂರೂ ಇವೆ. ಕೊಟ್ಟೂರಿನ ತೇರು ನೋಡಿ ಬಂದ ಮಕ್ಕಳು ಬೆಂಕಿಪೊಟ್ಟಣಕ್ಕೆ ದಾರ ಕಟ್ಟಿ ತೇರು ಎಳೆಯುತ್ತಾರೆ. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಜಿಲ್ಲೆಗಳು ಬದಲಾದರೂ ಅಲ್ಲಿನ ಮಕ್ಕಳು ಗುಬ್ಬಚ್ಚಿ ಗೂಡು ಕಟ್ಟುವುದು ಅದೇ ಕೆಂಪು ಮಣ್ಣಿನಲ್ಲೇ.

ಆದರೆ ನಮ್ಮ ಅಂಗನವಾಡಿಗಳೆಲ್ಲ ಹೀಗೆಯೇ ಇವೆ ಎಂದು ನಾನು ಹೇಳಿದರೆ ನೀವು ನಗುತ್ತೀರಿ. ಬಾಡಿಗೆಯ ಕತ್ತಲೆ ಕೋಣೆ, ಮುಂದೆ ಚರಂಡಿ, ಕಾರ್ಯಕರ್ತೆಗೆ ಸಮೀಕ್ಷೆ, ದಾಖಲೆ, ಮೊಬೈಲಿನಲ್ಲಿ ಮಾಹಿತಿ ತುಂಬುವ ಕೆಲಸ. ಮಕ್ಕಳಿಗೆ ಉಳಿಯುವ ಹೊತ್ತೆಷ್ಟು? 2024ರಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಲು ಹೊರಟಾಗ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. ಫಲಕ ಯಾವುದಾದರೂ ಇರಲಿ, ನನ್ನ ಅಭಿಪ್ರಾಯ ಇಷ್ಟೆ: ಡೆಸ್ಕು, ಬೋರ್ಡು, ಕಾಪಿ ಪುಸ್ತಕಗಳನ್ನೇ ಮೂರು ವರ್ಷದವರಿಗೂ ಇಳಿಸುವುದಾದರೆ ಅದು ಸುಧಾರಣೆಯಲ್ಲ. ಪ್ರತಿ ಅಂಗನವಾಡಿಗೂ ನೆರಳಿನ ಒಂದು ಮರ, ಬೇಲಿ ಹಾಕಿದ ಅಂಗಳ, ಒಂದು ಮರಳ ಗುಂಡಿ, ನೀರಿರುವ ಶೌಚಾಲಯ, ಮಕ್ಕಳೊಂದಿಗೇ ಇರಲು ಕಾರ್ಯಕರ್ತೆಗೆ ಬಿಡುವು, ಇವನ್ನು ಗ್ರಾಮ ಪಂಚಾಯಿತಿಯಲ್ಲಿ ಗಟ್ಟಿಯಾಗಿ ಕೇಳಿ. ಒಂದನೆಯ ತರಗತಿಗೆ ಆರು ವರ್ಷ ತುಂಬಿರಬೇಕೆಂದು ರಾಜ್ಯ ಸರ್ಕಾರ 2022ರಲ್ಲಿ ಆದೇಶಿಸಿತು. ಪೋಷಕರ ಒತ್ತಾಯಕ್ಕೆ 2025-26ರ ಸಾಲಿಗೆ ಒಮ್ಮೆ ಮಾತ್ರವೆಂದು ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಿತು. ಇಂಥ ಸಡಿಲಿಕೆ ಕೇಳುವ ಪೋಷಕರು ಮಗುವಿಗೆ ಉಪಕಾರ ಮಾಡುತ್ತಿಲ್ಲವೆಂದು ನನಗನ್ನಿಸುತ್ತದೆ.

ಸುಗ್ಗಿ ಮುಗಿದ ಮೇಲೆ ಕಬ್ಬು ಕಡಿಯಲು, ಕಾಫಿ ತೋಟಕ್ಕೆ, ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ನಮ್ಮ ತಾಂಡಾಗಳ, ಹಟ್ಟಿಗಳ ಮಕ್ಕಳನ್ನೂ ಮರೆಯಬಾರದು. ಅವರಿಗೆ ಬಯಲಿಗೆ ಕೊರತೆಯಿಲ್ಲ. ಕೊರತೆ ಇರುವುದು ಹಾಲು, ಮೊಟ್ಟೆ, ಲಸಿಕೆ ಮತ್ತು ಕಥೆ ಹೇಳುವವರಿಗೆ. ಹೊರಡುವ ಮೊದಲು ತಾಯಿ ಕಾರ್ಡನ್ನು ಕಟ್ಟಿಕೊಂಡು ಹೋಗಿ. ಹೋದ ಊರಿನ ಅಂಗನವಾಡಿಯಲ್ಲಿ ತೋರಿಸಿ, ಮಗುವನ್ನು ಸೇರಿಸಿಕೊಳ್ಳುವಂತೆ ಕೇಳಿ.

ಎಚ್ಚರಿಕೆಯೂ ಇರಲಿ

ಮಣ್ಣಿನಲ್ಲಿ ಆಡಲು ಬಿಡಿ ಎಂದರೆ ಹೇಗೆ ಬೇಕಾದರೂ ಬಿಡಿ ಎಂದಲ್ಲ. ಕಾಲಿಗೆ ಚಪ್ಪಲಿ ಇರಲಿ. ಬಯಲು ಶೌಚವಿರುವ ಕಡೆ ಬರಿಗಾಲಿನಿಂದ ಕೊಕ್ಕೆಹುಳು ದೇಹ ಸೇರಿ ರಕ್ತ ಹೀರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರಕ್ಕೆ 65 ಮಕ್ಕಳಿಗೆ ರಕ್ತಹೀನತೆ ಇದೆ. ಅಂಗನವಾಡಿಯಲ್ಲಿ ಕೊಡುವ ಜಂತುಹುಳುವಿನ ಅಲ್ಬೆಂಡಜೋಲ್ ಮಾತ್ರೆ ತಪ್ಪಿಸಬೇಡಿ. ಮಗು ಮಣ್ಣಿನಲ್ಲಿ ಆಡುವುದು ಬೇರೆ, ಮಣ್ಣು ತಿನ್ನುವುದು ಬೇರೆ. ಮಣ್ಣು, ಸುಣ್ಣ, ಬಳಪ ತಿನ್ನುವ ಮಗುವಿಗೆ ಕಬ್ಬಿಣಾಂಶದ ಕೊರತೆ ಇರಬಹುದು, ರಕ್ತ ಪರೀಕ್ಷೆ ಮಾಡಿಸಿ. ಆಟದ ನಂತರ, ಊಟಕ್ಕೆ ಮೊದಲು ಸೋಪಿನಿಂದ ಕೈ ತೊಳೆಸಿ. ಒಂದೂವರೆ ವರ್ಷದ ಮತ್ತು ಐದು ವರ್ಷದ ಡಿಪಿಟಿ ಬೂಸ್ಟರ್ ಹಾಕಿಸಿದ್ದರೆ ತರಚು ಗಾಯಗಳಿಗೆ ಹೆದರಬೇಕಿಲ್ಲ.

ನಮ್ಮ ಬೇಸಿಗೆ ಕಡು ಬೇಸಿಗೆ. ಮಾರ್ಚ್‌ನಿಂದ ಮೇವರೆಗೆ ಹೊರಗಿನ ಆಟ ಬೆಳಿಗ್ಗೆ ಹತ್ತರೊಳಗೆ ಮುಗಿಯಲಿ. ಆಗಾಗ ನೀರು ಕುಡಿಸಿ. ಕಣಗಿಲೆ, ಉಮ್ಮತ್ತಿ, ಹರಳು, ಕಾಡುಹರಳು ಗಿಡಗಳು ಮಕ್ಕಳು ಆಡುವಲ್ಲಿ ಬೇಡ. ಅವುಗಳ ಬೀಜ, ಕಾಯಿ ವಿಷ. ಶೇಂಗಾ, ಹುಣಸೆಬೀಜಗಳನ್ನು ಪುಟ್ಟ ಮಕ್ಕಳು ದೊಡ್ಡವರ ಕಣ್ಣೆದುರೇ ಆಡಲಿ. ಶ್ವಾಸನಾಳಕ್ಕೆ ಶೇಂಗಾ ಬೀಜ ಸಿಕ್ಕರೆ ಪ್ರಾಣಕ್ಕೇ ಸಂಚಕಾರ. ಹಾವು ಕಡಿದರೆ ಬಿಗಿದು ಕಟ್ಟುವುದು, ಕೊಯ್ಯುವುದು, ಮಂತ್ರ ಹಾಕಿಸುವುದು ಬೇಡ. ಮಗುವನ್ನು ಅಲುಗಾಡಿಸದೆ ತಾಲ್ಲೂಕು ಆಸ್ಪತ್ರೆಗೆ ಒಯ್ಯಿರಿ. ವಿಫಲವಾದ ಕೊಳವೆಬಾವಿಗಳನ್ನು ಇಂದೇ ಮುಚ್ಚಿಸಿ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಮಗು ಬದುಕಿ ಬಂತು. ಎಲ್ಲ ಮಕ್ಕಳಿಗೂ ಆ ಅದೃಷ್ಟವಿರುವುದಿಲ್ಲ.

ಇನ್ನೊಂದು ಮುಖ್ಯ ಮಾತು. 'ನಿಧಾನವಾಗಿ ಕಲಿಯಲಿ' ಎಂಬುದನ್ನು ನೆಪ ಮಾಡಿಕೊಂಡು ನಿಜವಾದ ತೊಂದರೆಯನ್ನು ಕಡೆಗಣಿಸಬಾರದು. ಅಕ್ಷರ ತಡವಾದರೆ ಚಿಂತೆಯಿಲ್ಲ, ಮಾತು ತಡವಾದರೆ ಚಿಂತಿಸಬೇಕು. ಎರಡು ವರ್ಷಕ್ಕೆ ಎರಡು ಪದ ಕೂಡಿಸಿ ಮಾತಾಡದ, ಮೂರಕ್ಕೆ ಸಣ್ಣ ವಾಕ್ಯ ಆಡದ, ಹೆಸರು ಹಿಡಿದು ಕರೆದರೆ ತಿರುಗದ, ಕಣ್ಣಿಗೆ ಕಣ್ಣು ಕೊಡದ, ಬೇರೆ ಮಕ್ಕಳ ಜೊತೆ ಆಡಲೊಲ್ಲದ, ಪದೇ ಪದೇ ಎಡವಿ ಬೀಳುವ, ಕಲಿತದ್ದನ್ನು ಮರೆಯುತ್ತಿರುವ ಮಗುವನ್ನು ಕೂಡಲೇ ವೈದ್ಯರಿಗೆ ತೋರಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬರಬೇಕು. ಬಂದಾಗ ನಿಮ್ಮ ಮಗು ಅಲ್ಲಿರಲಿ.

ಸೇರಿಸುವ ಮೊದಲು ಕೇಳಿ

ಯಾವ ಶಿಶುವಿಹಾರವೇ ಆಗಲಿ, ಫೀಸು ಕೇಳುವ ಮೊದಲು ಈ ಐದು ಪ್ರಶ್ನೆ ಕೇಳಿ. ಮಕ್ಕಳು ದಿನಕ್ಕೆ ಎಷ್ಟು ಹೊತ್ತು ಹೊರಗೆ ಆಡುತ್ತಾರೆ? ಶೌಚಾಲಯ ಎಲ್ಲಿದೆ, ನಾನು ನೋಡಬಹುದೇ? ಮಧ್ಯಾಹ್ನ ಮಲಗಲು ಬಿಡುತ್ತೀರಾ? ಮನೆಯ ಭಾಷೆಯಲ್ಲಿ ಮಾತಾಡಿದರೆ ಬೈಯುತ್ತೀರಾ? ಬರೆಯಲು ಬಾರದ ಮಗುವಿಗೆ ಏನು ಮಾಡುತ್ತೀರಿ? ಕೊನೆಯ ಪ್ರಶ್ನೆಗೆ 'ಕಾಯುತ್ತೇವೆ' ಎಂಬ ಉತ್ತರ ಬಂದರೆ ಅದು ಒಳ್ಳೆಯ ಶಾಲೆ. 'ಟ್ಯೂಷನ್ ಕೊಡಿಸಿ' ಎಂದರೆ ನಮಸ್ಕಾರ ಹೇಳಿ ಬನ್ನಿ.

ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆಯನ್ನು ನಾವು ಮೊಳಕೆಯಲ್ಲೇ ತೆನೆ ಬರಬೇಕೆಂದು ತಪ್ಪಾಗಿ ಅರ್ಥ ಮಾಡಿಕೊಂಡಿದ್ದೇವೆ. ಮೊಳಕೆಯಲ್ಲಿ ನೋಡಬೇಕಾದದ್ದು ತೆನೆಯನ್ನಲ್ಲ, ಬೇರನ್ನು. ಬಿತ್ತಿದ ಮೂರನೆಯ ದಿನ ಮಣ್ಣು ಕೆದಕಿ ಬೀಜ ನೋಡುವ ರೈತ ನಮ್ಮ ಸೀಮೆಯಲ್ಲಿ ಇಲ್ಲ. ಹದ ನೋಡಿ ಬಿತ್ತುತ್ತಾನೆ, ಕಳೆ ತೆಗೆಯುತ್ತಾನೆ, ಮಳೆಗೆ ಕಾಯುತ್ತಾನೆ. ಹೊಲಕ್ಕೆ ತೋರುವ ಆ ತಾಳ್ಮೆಯನ್ನು ಮನೆಯ ಮಗುವಿಗೂ ತೋರಿಸಿ. ಈ ವರ್ಷದ ಮಣ್ಣೆತ್ತಿನ ಅಮಾವಾಸ್ಯೆಗೆ ಅಂಗಡಿಯಿಂದ ಬಣ್ಣದ ಎತ್ತು ಕೊಂಡು ತರಬೇಡಿ. ಒಂದು ಬುಟ್ಟಿ ಕೆರೆಯ ಮಣ್ಣು ತಂದು ಮಗುವಿನ ಮುಂದಿಟ್ಟು, ಪಕ್ಕದಲ್ಲಿ ನೀವೂ ಕುಳಿತುಕೊಳ್ಳಿ.